ಕೌದಿಯ ಹೊಟ್ಟೆ

ಹೊಳೆವ್ವನ ಸೂಜಿ ಇರುತ್ತಿದ್ದುದು ಅವಳ ತಾಳಿಯ ಕರಿಮಣಿ ಸರದಲ್ಲಿ. ಸಗಣಿ ಬಾಚುವಾಗ, ಜೋಳ ಬೀಸುವಾಗ, ಹೊಲಕ್ಕೆ ಬುತ್ತಿ ಹೊತ್ತು ನಡೆಯುವಾಗ ಅದು ಎದೆಯ ಮೇಲೆ ಸುಮ್ಮನೆ ತೂಗುತ್ತಿತ್ತು. ಕೈ ಬಿಡುವಾದ ಕೂಡಲೇ ಬೆರಳಿಗೆ ಬರುತ್ತಿತ್ತು. ಸೂಡಿಯ ಆ ಮನೆಯಲ್ಲಿ ಅವಳು ಕಿರಿಯ ಸೊಸೆ. ಅತ್ತೆ ತೀರಿಹೋದ ಮೇಲೆ ಉಗ್ರಾಣದ ಕೀಲಿಗೊಂಚಲು ಹಿರಿಯ ಸೊಸೆ ತಿಪ್ಪವ್ವನ ಸೊಂಟಕ್ಕೆ ಬಂದಿತ್ತು, ಅತ್ತೆ ಮಾಡುತ್ತಿದ್ದ ಕೆಲಸವೆಲ್ಲ ಹೊಳೆವ್ವನ ಪಾಲಿಗೆ ಬಂದಿತ್ತು. ಕೊಟ್ಟಿಗೆಯಿಂದ ಒಲೆಗೆ, ಒಲೆಯಿಂದ ಬೀಸುವ ಕಲ್ಲಿಗೆ, ಅಲ್ಲಿಂದ ಹೊಂಡದ ನೀರಿಗೆ ಓಡಾಡುವುದರಲ್ಲಿ ಅವಳ ದಿನ ಮುಗಿದುಹೋಗುತ್ತಿತ್ತು.

ಆದರೂ ಅವಳು ಹೊಲಿಯುತ್ತಿದ್ದಳು. ಬೇಳೆ ಬೇಯುವಷ್ಟು ಹೊತ್ತು ಸಿಕ್ಕರೆ ಒಂದು ಸಾಲು. ಹೊಲದಲ್ಲಿ ಗಂಡಸರು ಉಂಡು ಕೈ ತೊಳೆಯುವತನಕ ಬೇವಿನ ನೆರಳಲ್ಲಿ ಅರ್ಧ ಸಾಲು. ಮಧ್ಯಾಹ್ನ ತಿಪ್ಪವ್ವ ಪಡಸಾಲೆಯಲ್ಲಿ ಅಡ್ಡಾಗಿ ಗೊರಕೆ ಹೊಡೆಯತೊಡಗಿದರೆ, ಆ ಗೊರಕೆ ಕೇಳಿಸುವಷ್ಟು ಹೊತ್ತೂ ಹೊಳೆವ್ವನದೇ. ಹಿತ್ತಲ ಹೊಸ್ತಿಲ ಮೇಲೆ ಕಾಲು ಚಾಚಿ, ತೊಡೆಯ ಮೇಲೆ ಕೌದಿ ಹರಡಿಕೊಂಡು ಕೂತರೆ ಅವಳಿಗೆ ಸೊಂಟದ ನೋವೂ ಮರೆಯುತ್ತಿತ್ತು, ಸಂಜೆಯ ಅಡಿಗೆಯೂ ಮರೆಯುತ್ತಿತ್ತು. ಹಳೆಯ ಇಳಕಲ್ಲ ಸೀರೆ, ಮಾವನ ಧೋತ್ರ, ಹರಿದ ಕುಬಸದ ತೋಳು ಯಾವುದನ್ನೂ ಬಿಡುತ್ತಿರಲಿಲ್ಲ. ಅವಳ ಗಂಡ ಶಿವನಪ್ಪ ಸಂತೆಗೆ ಗಜೇಂದ್ರಗಡಕ್ಕೆ ಹೋದಾಗ ದರ್ಜಿ ಗೌಸುಸಾಬನ ಅಂಗಡಿಯಿಂದ ಕತ್ತರಿಸಿ ಬಿಸಾಕಿದ ಚೂರುಗಳನ್ನು ಚೀಲದಲ್ಲಿ ತುಂಬಿ ತರುತ್ತಿದ್ದ. ಆ ಚೀಲ ನೆಲಕ್ಕೆ ಸುರಿದಾಗ ಹೊಳೆವ್ವನ ಮುಖ ನೋಡಬೇಕು. ಕುಂಕುಮದ ಕೆಂಪಿನ ಪಕ್ಕ ಗಿಣಿ ಹಸಿರು ಇಟ್ಟು ನೋಡುವಳು, ತೆಗೆದು ಹಳದಿ ಇಡುವಳು, ಮತ್ತೆ ಹಸಿರೇ ಸರಿ ಎಂದು ತಲೆದೂಗುವಳು. ಬಟ್ಟೆ ಕಂಟ್ರೋಲಿನಲ್ಲಿ, ರೇಷನ್ನಿನ ಅಳತೆಗೆ ಸಿಗುತ್ತಿದ್ದ ವರ್ಷಗಳು ಆಗಷ್ಟೇ ಮುಗಿದಿದ್ದವು. ಹೂವಿನ ಅಚ್ಚು ಹಾಕಿದ ಹೊಸ ಚೀಟಿನ ಬಟ್ಟೆಯ ಅಂಗೈಯಗಲದ ತುಂಡು ಸಿಕ್ಕರೂ ಅವಳಿಗೆ ಹಬ್ಬವಾಗುತ್ತಿತ್ತು.

ತಿಪ್ಪವ್ವನಿಗೆ ಹೊಲಿಗೆ ಬರುತ್ತಿರಲಿಲ್ಲ. ಅವಳು ನರಗುಂದದ ದೊಡ್ಡ ಒಕ್ಕಲುತನದ ಮನೆಯ ಮಗಳು. ಕೌದಿ ಹೊಲಿಯಲು ಬಾರದ ಹೆಣ್ಣು ಎಂದರೆ ಆ ಕಡೆ ಅಡಿಗೆ ಬಾರದ ಹೆಣ್ಣಿಗಿಂತ ಕಡೆ. ತಿಪ್ಪವ್ವ ಮಾತ್ರ ಯಾರಿಗೂ ಗೊತ್ತಾಗದಂತೆ ಇಷ್ಟು ವರ್ಷ ದಬ್ಬಿದ್ದಳು. ಮೊದಲು ಅತ್ತೆ ಹೊಲಿದಳು, ಆಮೇಲೆ ಹೊಳೆವ್ವ ಹೊಲಿದಳು. ಹೊರಗಿನವರು ಕೇಳಿದರೆ 'ನಮ್ಮ ಮನೀ ಕೌದಿ' ಎಂದು ತೇಲಿಸಿಬಿಡುತ್ತಿದ್ದಳು. ಹೊಳೆವ್ವ ಅದನ್ನು ಎಂದೂ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ತಿಪ್ಪವ್ವನ ಮಗಳು ನೀಲವ್ವನ ಮದುವೆಯ ತನಕ.

ಮದುವೆಗೆಂದು ಹೊಳೆವ್ವ ಒಂದೂವರೆ ವರ್ಷ ಒಂದು ಕೌದಿ ಹೊಲಿದಿದ್ದಳು. ನೀಲವ್ವ ಅವಳ ಕೈಯಲ್ಲೇ ಎಣ್ಣೆ ಹಚ್ಚಿಸಿಕೊಂಡು ಜಡೆ ಹಾಕಿಸಿಕೊಂಡು ಬೆಳೆದ ಹುಡುಗಿ. ಗಂಡಿನ ಕಡೆಯವರು ಗಜೇಂದ್ರಗಡದವರು. ಮದುವೆಯಾಗಿ ಮಗಳನ್ನು ಕಳಿಸುವ ದಿನ ಕೊಡುವ ಸಾಮಾನುಗಳನ್ನೆಲ್ಲ ಪಡಸಾಲೆಯಲ್ಲಿ ಹರಡಿದಾಗ ಬೀಗತಿ ಮಾಯವ್ವ ಹಂಡೆ ಕೊಡ ಯಾವುದನ್ನೂ ನೋಡಲಿಲ್ಲ. ನೇರ ಕೌದಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಅದರ ಅಂಚು ಹಿಡಿದು, ಬೆಳಕಿಗೆ ಒಡ್ಡಿ, ಸಾಲುಗಳ ಮೇಲೆ ಬೆರಳು ಎಳೆದಳು. ಅವಳೂ ಹೊಲಿಯುವವಳೆಂದು ಹೊಳೆವ್ವನಿಗೆ ಆ ಬೆರಳಿನಲ್ಲೇ ಗೊತ್ತಾಯಿತು.

"ಯಾರ ಕೈಯಿದು?" ಎಂದಳು ಮಾಯವ್ವ.

ಹೊಳೆವ್ವ ಎಲೆ ಅಡಿಕೆಯ ತಟ್ಟೆ ಹಿಡಿದು ಅಲ್ಲೇ ನಿಂತಿದ್ದಳು.

"ನಂದ್ರಿ ಬೀಗತ್ಯಾರ," ಎಂದಳು ತಿಪ್ಪವ್ವ.

"ಮತ್ತ ಈಕೀನೂ ಹೊಲಿತಾಳೇನು?" ಮಾಯವ್ವ ಹೊಳೆವ್ವನ ಕಡೆ ನೋಡಿ ಕೇಳಿದಳು. ಕರಿಮಣಿಯಲ್ಲಿದ್ದ ಸೂಜಿ ಅವಳ ಕಣ್ಣಿಗೆ ಬಿದ್ದಿರಬೇಕು.

ತಿಪ್ಪವ್ವ ನಕ್ಕಳು. "ನಮ್ಮ ಹೊಳೆವ್ವೇನ್ರಿ? ಅಯ್ಯ, ಆಕಿಗೆಲ್ಲಿ ಸೂಜಿ ಹಿಡಿಯಾಕ ಬರತೈತಿ. ಸಗಣಿ ಬುಟ್ಟಿ ಹೊರಾಕ ಗಟ್ಟಿ ಅದಾಳ ನೋಡ್ರಿ. ಸೂಜಿ ಕೊಟ್ರ ಬಟ್ಟಿ ಬಿಟ್ಟು ಬೆರಳ ಹೊಲಕೊಂತಾಳ. ಕಾಲಿಗೆ ಮುಳ್ಳ ಚುಚ್ಚಿದ್ರ ತಗಿಯಾಕಂತ ಇಟ್ಕೊಂಡಾಳ ಅದನ್ನ."

ಕೂತಿದ್ದ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಹೊಳೆವ್ವನೂ ನಕ್ಕಳು. ಮದುವೆಮನೆ, ಹೋಗುವ ಮಗಳು, ಬಂದ ಬೀಗರು; ನಗದೆ ಏನು ಮಾಡುತ್ತಾಳೆ? ಎಲೆ ಅಡಿಕೆ ಹಂಚಿ ಒಳಗೆ ಹೋದ ಮೇಲೆ ತಾನು ನಕ್ಕಿದ್ದು ನೆನಪಾಗಿ ಅವಳ ಮೈ ಉರಿಯಿತು. ತಿಪ್ಪವ್ವ ಆಡಿದ್ದನ್ನಾದರೂ ಮರೆಯಬಹುದಿತ್ತೇನೋ. ತಾನು ಹಲ್ಲು ಬಿಟ್ಟದ್ದನ್ನು ಮರೆಯುವುದು ಹೇಗೆ?

ಆ ದಿನ ಸಂಜೆ ಗಂಡನಿಗೆ ಹೇಳಿದಳು. ಶಿವನಪ್ಪ ಎತ್ತಿನ ಮೈ ತಿಕ್ಕುತ್ತಿದ್ದವನು ತಿರುಗಿ ಕೂಡ ನೋಡಲಿಲ್ಲ. "ಮನೀ ಮಾತು ಬಿಡು. ಹಿರೇಕಿ ಏನೋ ಅಂದಳು. ನಿನ್ನ ಕೈಯೇನ ಸವದ ಹೋತೇನು?"

ಅವಳು ಮತ್ತೆ ಯಾರಿಗೂ ಹೇಳಲಿಲ್ಲ. ರೊಟ್ಟಿ ಬಡಿಯುವಾಗ, ಹಿಂಡಿ ಕಲಸುವಾಗ ಆ ಮಾತನ್ನೇ ಒಳಗೊಳಗೆ ಆಡಿಕೊಳ್ಳುತ್ತಿದ್ದಳು. ತಿಪ್ಪವ್ವನ ದನಿಯಲ್ಲೇ, ಅದೇ ರಾಗದಲ್ಲಿ. ಹೊರಗೆ ಮಾತ್ರ ಮೊದಲಿಗಿಂತ ಹೆಚ್ಚು ನಯವಾದಳು. "ಅಕ್ಕಾ, ನೀ ಕುಂದರು, ನಾ ಮಾಡತೀನಿ" ಎನ್ನುವಳು. ತಿಪ್ಪವ್ವನ ಕಾಲು ಒತ್ತುವಳು. ನೆಗೆಣ್ಣಿಯರೆಂದರೆ ಹೀಗಿರಬೇಕು ಎಂದು ಓಣಿಯವರು ಮೆಚ್ಚಿಕೊಂಡರು.

ಎರಡನೆಯ ವರ್ಷ ನೀಲವ್ವ ಚೊಚ್ಚಲ ಹೆರಿಗೆಗೆ ತೌರಿಗೆ ಬಂದಳು. ಮಗಳನ್ನು ಬಂಡಿಯಿಂದ ಇಳಿಸಿಕೊಂಡ ದಿನವೇ ತಿಪ್ಪವ್ವ ಅಡಿಗೆಮನೆಗೆ ಬಂದು ದನಿ ತಗ್ಗಿಸಿದಳು. "ಹೊಳೆವ್ವಾ, ಕೂಸಿಗೆ ಒಂದ ಕೌದಿ ಹೊಲೀಬೇಕವ. ಬೀಗತಿ ಬಾಯಿ ಮುಚ್ಚುವಂಥಾದ್ದು."

"ಹೊಲಿತೀನಕ್ಕಾ," ಎಂದಳು ಹೊಳೆವ್ವ. "ಹೊಟ್ಟಿ ಹ್ಯಾಂಗ ಮಾಡೂಣು?"

ಅಲ್ಲಿಯ ಕೌದಿ ಅಂಚಿನಿಂದ ಶುರುವಾಗುತ್ತದೆ. ಸುತ್ತು ಸುತ್ತಾಗಿ ಸಾಲು ಹಾಕುತ್ತ ಒಳಗೆ ಬಂದು, ಕೊನೆಗೆ ನಟ್ಟನಡುವೆ ಒಂದು ಸಣ್ಣ ಬಾಯಿ ಉಳಿಯುತ್ತದೆ. ಅದನ್ನೇ ಹೊಟ್ಟೆ ಎನ್ನುತ್ತಾರೆ. ಒಂದು ಚೂರು ರೊಟ್ಟಿ, ನಾಲ್ಕು ಕಾಳು ಜೋಳ, ಚಿಟಿಕೆ ಅರಿಸಿನ ಅದರೊಳಗೆ ಇಟ್ಟು ಹೊಟ್ಟೆ ಮುಚ್ಚಬೇಕು. ಉಣ್ಣದ ಕೌದಿಯನ್ನು ಯಾರೂ ಹೊದೆಯುವುದಿಲ್ಲ. ಬೇರೆ ಕೌದಿಯಾದರೆ ಯಾವಾಗಲೋ ಮುಚ್ಚಿಕೊಳ್ಳಬಹುದು. ಆದರೆ ಚೊಚ್ಚಲ ಕೂಸಿನ ಕೌದಿಗೆ ಕಟ್ಟಳೆ ಬೇರೆ. ತೊಟ್ಟಿಲಿಗೆ ಹಾಕುವ ದಿನ, ಎರಡೂ ಮನೆಯ ಹೆಂಗಸರ ಎದುರಿಗೆ, ಹೊಲಿದವಳೇ ತುತ್ತು ಇಟ್ಟು ಮುಚ್ಚಬೇಕು. ಬೇರೆ ಕೈ ಮುಚ್ಚಿದರೆ ಕೂಸನ್ನು ಅದರ ಮೇಲೆ ಮಲಗಿಸುವುದಿಲ್ಲ.

ತಿಪ್ಪವ್ವ ಅದನ್ನೂ ಲೆಕ್ಕ ಹಾಕಿಯೇ ಬಂದಿದ್ದಳು. "ಎರಡ ಬೆರಳಿನಷ್ಟ ಬಾಯಿ ಬಿಡು. ನಾ ನಾಕ ಟಾಕಿ ಹಾಕಿ ಗಂಟ ಬಿಗಿತೀನಿ. ಅಷ್ಟ ಬರತೈತಿ ನನಗ."

"ಆತಕ್ಕಾ. ನೀ ಹೇಳಿದಂಗ," ಎಂದು ಹೊಳೆವ್ವ ಹಿಟ್ಟು ನಾದಿದಳು.

ಆ ಕೌದಿಯನ್ನು ಹೊಲಿದಷ್ಟು ಸುಖವಾಗಿ ಅವಳು ಯಾವುದನ್ನೂ ಹೊಲಿದಿರಲಿಲ್ಲ. ಮನೆಯಲ್ಲಿ ಬಸುರಿಯ ಕೆಲಸ ಸೇರಿಕೊಂಡು ಬಿಡುವು ಮೊದಲಿಗಿಂತ ಕಡಿಮೆಯಾಗಿತ್ತು. ಆದರೂ ಸೂಜಿ ಹಿಡಿದರೆ ದಣಿವೇ ಇಲ್ಲ. ನಾಲ್ಕು ಮೂಲೆಗೂ ಕೆಂಪು ತ್ರಿಕೋನ ಕೂರಿಸಿದಳು. ಅಂಚಿಗೆ ನೀಲಿ ಚೌಕಡಿ, ಅದರ ಒಳಗೆ ಹಳದಿ, ಹಳದಿಯ ಒಳಗೆ ಗೌಸುಸಾಬ ಕೊಟ್ಟ ಗುಲಾಬಿ ಹೂವಿನ ಚೀಟು. ಹೊಲಿಗೆಯ ಟಾಕಿ ಒಂದೊಂದೂ ಎಷ್ಟು ಸಣ್ಣವೆಂದರೆ ಜೋಳದ ಕಾಳು ಇಟ್ಟರೆ ಎರಡು ಟಾಕಿ ಮುಚ್ಚಬೇಕು. ಪ್ರತಿಯೊಂದು ಟಾಕಿಗೂ ಅವಳು ತಿಪ್ಪವ್ವನ ಮುಖ ನೆನೆಯುತ್ತಿದ್ದಳು. ಸೂಜಿ ಬಟ್ಟೆಯೊಳಗೆ ಮುಳುಗಿ ಏಳುವಾಗ ಹಾಯೆನಿಸುತ್ತಿತ್ತು. ಸಾಲುಗಳು ಒಳಗೆ ಒಳಗೆ ಬಂದಂತೆ ಅವಳ ಎದೆಯೂ ಹಗುರಾಗುತ್ತ ಬಂತು. ಹೂವಿನ ಚೀಟಿನ ಒಳಗಿನ ಕೊನೆಯ ಸುತ್ತು ಮುಗಿಸಿ ದಾರ ಕಡಿದಾಗ ನಡುವೆ ಉಳಿದಿದ್ದ ಹೊಟ್ಟೆ ಎರಡು ಬೆರಳಿನದಲ್ಲ, ಒಂದು ಜೋಳದ ರೊಟ್ಟಿಯಗಲದ್ದು.

ಗಂಡು ಕೂಸು ಹುಟ್ಟಿತು. ತೊಟ್ಟಿಲ ಶಾಸ್ತ್ರದ ಹಿಂದಿನ ದಿನ ಹೊಳೆವ್ವ ಕೌದಿಯನ್ನು ಹೊಟ್ಟೆ ಒಳಗಾಗುವಂತೆ ಮಡಚಿ, ಅಂಚು ಕೂಡಿಸಿ, ತಿಪ್ಪವ್ವನ ಕೈಗಿಟ್ಟಳು. ತಿಪ್ಪವ್ವ ಮೇಲಿನ ಮಡಿಕೆ ಸವರಿ, "ಚಲೋ ಆಗೈತಿ" ಎಂದು ಟ್ರಂಕಿನಲ್ಲಿಟ್ಟು ಕೀಲಿ ಹಾಕಿದಳು. ಬಿಡಿಸಿ ನೋಡಲಿಲ್ಲ. ಅವಳು ಎಂದೂ ಬಿಡಿಸಿ ನೋಡಿದವಳಲ್ಲ. ಹೊಳೆವ್ವ ನಂಬಿದ್ದು ಅದನ್ನೇ.

ಮರುದಿನ ಹೊತ್ತೇರುವ ಹೊತ್ತಿಗೆ ಗಜೇಂದ್ರಗಡದ ಬಂಡಿ ಬಂತು. ಗಂಡಸರು ಹೊರಗೆ ಕಟ್ಟೆಯ ಮೇಲೆ ಕೂತು, ನಮ್ಮ ಜಿಲ್ಲೆ ಮುಂಬೈ ಬಿಟ್ಟು ಮೈಸೂರಿಗೆ ಸೇರುತ್ತದಂತೆ ಎಂಬ ಮಾತು ತೆಗೆದರು. ಒಳಗೆ ಪಡಸಾಲೆ ಹೆಂಗಸರಿಂದ ತುಂಬಿತು. ಮಾಯವ್ವ ಮೊಮ್ಮಗನನ್ನು ಎತ್ತಿಕೊಂಡು ನೆಟಿಗೆ ತೆಗೆದು ನೀಲವ್ವನ ಮಡಿಲಿಗೆ ಹಾಕಿದಳು.

"ಇನ್ನ ಕೌದಿ ತರ್ರಿ ಬೀಗತ್ಯಾರ. ಮೊಮ್ಮಗನ್ನ ನೋಡಾಕ ಎಷ್ಟ ಬಂದೀನೋ ಅದನ್ನ ನೋಡಾಕೂ ಅಷ್ಟ ಬಂದೀನಿ."

"ಮೊದಲ ಚಹಾ ತಗೋರಿ."

"ಚಹಾ ಓಡಿ ಹೋಗಂಗಿಲ್ಲ. ಮದುವ್ಯಾಗ ಕೊಟ್ಟ ಕೌದಿ ಸೊಸಿಗೆ ಮುಟ್ಟಾಕ ಕೊಟ್ಟಿಲ್ಲ ನಾನು, ಕೇಳ್ರಿ ಬೇಕಾದ್ರ."

"ಖರೇ ಯವ್ವ," ಎಂದಳು ನೀಲವ್ವ ನಗುತ್ತ. "ಥಂಡ್ಯಾಗ ನಾ ನಡುಗಿದ್ರೂ ಕೊಡಂಗಿಲ್ಲ ಅತ್ತಿ."

ತಿಪ್ಪವ್ವ ಉಬ್ಬಿಹೋದಳು. ಟ್ರಂಕಿನಿಂದ ಕೌದಿ ತಂದು ಎಲ್ಲರ ನಡುವೆ ಒಂದೇ ಬೀಸಿಗೆ ಬಿಡಿಸಿದಳು. ಆಹಾ ಎಂಬ ಸದ್ದು ಪಡಸಾಲೆಯ ತುಂಬ ಎದ್ದಿತು. ಕೂಡಲೇ ಅಡಗಿತು. ನೀಲಿ, ಹಳದಿ, ಗುಲಾಬಿ ಹೂಗಳ ನಟ್ಟನಡುವೆ ಅಷ್ಟಗಲ ಬಾಯಿ ತೆರೆದಿತ್ತು. ತುಂಡುಗಳ ಅಂಚುಗಳು ಸಡಿಲಾಗಿ ಜೋತಿದ್ದವು, ಒಳಗಿನ ಬಿಳಿಯ ಧೋತ್ರ ಕಾಣುತ್ತಿತ್ತು.

"ಇದೇನ್ರಿ, ಹೊಟ್ಟಿ ಇಷ್ಟ ದೊಡ್ಡದ ಬಿಟ್ಟೀರಿ?" ಎಂದಳು ಮಾಯವ್ವ.

ತಿಪ್ಪವ್ವ ತಲೆಯೆತ್ತಿ ಹೊಳೆವ್ವನನ್ನು ಹುಡುಕಿದಳು. ಹೊಳೆವ್ವ ಅಡಿಗೆಮನೆಯ ಬಾಗಿಲಲ್ಲಿ ಅರಿಸಿನ ಕುಂಕುಮದ ತಟ್ಟೆ ಹಿಡಿದು ನಿಂತಿದ್ದಳು. ಇಬ್ಬರ ಕಣ್ಣೂ ಕೂಡಿದವು. ಹೊಳೆವ್ವ ರೆಪ್ಪೆ ಬಡಿಯಲಿಲ್ಲ. ತಿಪ್ಪವ್ವನ ಮುಖದ ಬಣ್ಣ ಇಳಿಯುವುದನ್ನು ಅವಳು, ಹೊಸ ಚೀಟಿನ ತುಂಡನ್ನು ನೋಡುವಂತೆ, ನಿಧಾನವಾಗಿ ಪೂರ್ತಿ ನೋಡಿದಳು.

"ಚಲೋ ಆತ ಬಿಡ್ರಿ," ಮಾಯವ್ವನೇ ಮುಂದೆ ಸರಿದು ಕೂತಳು. "ಈ ಕೈ ಹ್ಯಾಂಗ ತಿರಗತೈತಿ ಅಂತ ಕಣ್ಣಾರೆ ನೋಡಾಕ ಸಿಕ್ತು. ಹಾಕ್ರಿ."

ತಿಪ್ಪವ್ವ ಕೂತಳು. ರೊಟ್ಟಿಯ ಚೂರು, ಜೋಳ, ಅರಿಸಿನ ಇಟ್ಟಳು. ದಾರ ಸೂಜಿಯ ಕಣ್ಣಿಗೆ ಹೋಗಲಿಲ್ಲ. ಬಾಯಲ್ಲಿ ತೋಯಿಸಿದಳು, ಹೊಸೆದಳು, ಆದರೂ ಹೋಗಲಿಲ್ಲ. ಮಾಯವ್ವನೇ ಇಸಿದುಕೊಂಡು ಪೋಣಿಸಿ ಕೊಟ್ಟಳು. ಮೊದಲ ಟಾಕಿ ಬೆರಳುದ್ದ ಬಂತು. ಎರಡನೆಯದಕ್ಕೆ ಬಟ್ಟೆ ಮುದುಡಿ ಗಂಟಾಯಿತು. ಮೂರನೆಯದು ಎತ್ತಲೋ ಹೋಯಿತು.

"ಎತ್ತು ಬೆದರಿ ಓಡಿದಂಗ ಆತಲ್ಲ ಸಾಲು," ಎಂದಳು ಓಣಿಯ ಮುದುಕಿಯೊಬ್ಬಳು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು.

ಸೂಜಿ ಚುಚ್ಚಿ ತಿಪ್ಪವ್ವನ ಬೆರಳಿನಲ್ಲಿ ರಕ್ತ ಬಂತು. ಅವಳು ಬೆರಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು, "ಕಣ್ಣ ಮಂಜಾಗ್ಯಾವ್ರಿ ಬೀಗತ್ಯಾರ ಈಗೀಗ," ಎಂದಳು. ಆಮೇಲೆ ಬಾಗಿಲ ಕಡೆ ತಿರುಗಿದಳು. "ಹೊಳೆವ್ವಾ, ಬಾರವ. ಇದೊಂದ ನೀ ಮುಗಸು."

ಈ ಕರೆಯನ್ನೇ ಹೊಳೆವ್ವ ಕಾದಿದ್ದಳು. ಉತ್ತರವನ್ನು ಹಿಂಡಿ ಕಲಸುತ್ತ, ರೊಟ್ಟಿ ಬಡಿಯುತ್ತ ಎಷ್ಟೋ ಸಲ ಆಡಿ ನೋಡಿದ್ದಳು.

"ನನಗೆಲ್ಲಿ ಬರತೈತಕ್ಕಾ," ಎಂದಳು, ಬೆಲ್ಲದಂಥ ದನಿಯಲ್ಲಿ. "ನಾ ಸಗಣಿ ಬುಟ್ಟಿ ಹೊರಾಕಿ. ಬಟ್ಟಿ ಬಿಟ್ಟು ಬೆರಳ ಹೊಲಕೊಂಡೇನು."

ಮದುವೆಗೆ ಬಂದಿದ್ದ ಹೆಂಗಸರಲ್ಲಿ ಅರ್ಧ ಮಂದಿ ಅಲ್ಲೇ ಇದ್ದರು. ಯಾರೂ ನಗಲಿಲ್ಲ. ಮಾಯವ್ವ ಇವಳನ್ನೊಮ್ಮೆ ಅವಳನ್ನೊಮ್ಮೆ ನೋಡಿದಳು. ಹೊಳೆವ್ವನ ಎದೆಯ ಮೇಲಿನ ಸೂಜಿಯ ಮೇಲೆ ಅವಳ ಕಣ್ಣು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ತಿಪ್ಪವ್ವನ ಕೈಯಿಂದ ಕೌದಿಯನ್ನು ಮೆಲ್ಲಗೆ ಎಳೆದುಕೊಂಡು ತನ್ನ ತೊಡೆಯ ಮೇಲಿಟ್ಟುಕೊಂಡಳು.

"ಇದು ನಿಮ್ಮ ಕೈ ಅಲ್ಲ ಬೀಗತ್ಯಾರ. ಹೊಲಿದ ಕೈ ಮುಚ್ಚದ ನನ್ನ ಮೊಮ್ಮಗ ಇದರ ಮ್ಯಾಲ ಮಲಗಂಗಿಲ್ಲ. ಯಾರ ಕೈಯಿದು, ಹೇಳ್ರಿ."

ಕೂಸು ಅಳತೊಡಗಿತು. ನೀಲವ್ವ ಅದನ್ನು ಎದೆಗೆ ಒತ್ತಿಕೊಂಡು, "ಚಿಗವ್ವಾ..." ಎಂದಳು. ಹುಡುಗಿಯ ಕಣ್ಣಲ್ಲಿ ನೀರು ತುಂಬಿತ್ತು. ತೊಟ್ಟಿಲು ಬರಿದಾಗಿ ತೂಗುತ್ತಿತ್ತು. ಹೊಳೆವ್ವ ಒಂದು ಹೆಜ್ಜೆ ಮುಂದೆ ಇಟ್ಟಿದ್ದರೆ ಎಲ್ಲ ಮುಗಿಯುತ್ತಿತ್ತು. ತಾನು ಜಡೆ ಹಾಕಿ ಬೆಳೆಸಿದ ಹುಡುಗಿ ಎಂಬುದೂ ಮನಸ್ಸಿಗೆ ಬಂತು. ಅವಳು ತಟ್ಟೆಯಲ್ಲಿ ಚೆಲ್ಲಿದ್ದ ಕುಂಕುಮವನ್ನು ಬೆರಳಿನಿಂದ ಒಟ್ಟುಗೂಡಿಸಿದಳು.

"ಅಕ್ಕ ಹೇಳಲಿ," ಎಂದಳು.

ಹೊರಗಿನಿಂದ ಹಿರಿಯ ಕನಕಪ್ಪ, ತಿಪ್ಪವ್ವನ ಗಂಡ, ಬಾಗಿಲಿಗೆ ಬಂದು ಕೆಮ್ಮಿದ. "ಏನ ತಡ ಒಳಗ?"

"ನೀವು ಹೊರಗ ಮೈಸೂರ ಸೇರಕೊಂತ ಕುಂದರ್ರಿ," ಎಂದಳು ಮಾಯವ್ವ ತಿರುಗದೆಯೇ. "ಇಲ್ಲಿ ನಮ್ಮ ನ್ಯಾಯ ನಡದೈತಿ."

ಅವನು ಹೋದ. ತಿಪ್ಪವ್ವ ನೆಲ ನೋಡುತ್ತ, "ಹೊಳೆವ್ವಂದು," ಎಂದಳು.

"ಮದುವೀ ಕೌದಿ?" ಇದನ್ನು ಕೇಳಿದವಳು ಹೊಳೆವ್ವ.

"ಅದೂ ಆಕಿದ." ತಿಪ್ಪವ್ವ ಸೊಂಟದ ಕೀಲಿಗೊಂಚಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. "ಎಲ್ಲಾ ಆಕಿದ. ನನಗ ಬರಂಗಿಲ್ಲ. ಎಂದೂ ಬಂದಿಲ್ಲ. ಅತ್ತಿ ಮುಂದ ಕೂತು ಕಲೀಬೇಕಂದ್ರ ನಾಚಿಕಿ ಬರತಿತ್ತು."

ಕೊನೆಯ ಮಾತು ಹೊಳೆವ್ವ ಕೆದಕಿ ಕೇಳಿದ್ದಲ್ಲ, ಅವಳಿಗೆ ಅದು ಬೇಕಾಗಿಯೂ ಇರಲಿಲ್ಲ. ಬಚ್ಚಲಿಗೆ ಹೋಗಿ ತಂಬಿಗೆಯ ನೀರು ಸದ್ದಾಗುವಂತೆ ಸುರಿದುಕೊಂಡು ಕೈ ತೊಳೆದಳು. ಸೆರಗಿಗೆ ಒರೆಸಿಕೊಂಡು ಬಂದು ಪಡಸಾಲೆಯ ನಡುವೆ, ಎಲ್ಲರ ಮಧ್ಯೆ ಕಾಲು ಚಾಚಿ ಕೂತಳು. ಆ ಮನೆಗೆ ಬಂದಾಗಿನಿಂದ ಅವಳು ಪಡಸಾಲೆಯಲ್ಲಿ ಕೂತು ಹೊಲಿದಿರಲಿಲ್ಲ.

ಮೊದಲು ತಿಪ್ಪವ್ವನ ಟಾಕಿಗಳನ್ನು ಬಿಚ್ಚಿದಳು. ಒಂದೊಂದನ್ನೇ ಸೂಜಿಯ ಮೊನೆಯಿಂದ ಎತ್ತಿ, ದಾರದ ಚೂರುಗಳನ್ನು ತಿಪ್ಪವ್ವನ ಮುಂದೆ ನೆಲದ ಮೇಲೆ ಸಾಲಾಗಿ ಇಟ್ಟಳು. ಅವಳು ಇಟ್ಟಿದ್ದ ತುತ್ತನ್ನೂ ತೆಗೆದು, ತನ್ನ ಕೈಯಿಂದ ಬೇರೆ ತುತ್ತು ಇಟ್ಟು, ಹೊಸ ದಾರ ಪೋಣಿಸಿದಳು. ಆಮೇಲೆ ತಲೆಯೆತ್ತಿದಳು.

"ಅಕ್ಕಾ, ಒಲಿ ಮ್ಯಾಲ ಹೂರಣ ಐತಿ. ತಳ ಹತ್ತೀತು. ನೋಡ ಹೋಗು."

ಎಷ್ಟೋ ವರ್ಷಗಳಿಂದ ಒಲೆಯ ಮುಂದೆ ಕೂರದಿದ್ದ ತಿಪ್ಪವ್ವ ಎದ್ದು ಹೋದಳು.

ಹೊಳೆವ್ವ ಹೊಲಿಯತೊಡಗಿದಳು. ಬೇಳೆ ಬೇಯುವಷ್ಟರಲ್ಲಿ ಸಾಲು ಮುಗಿಸಿ ರೂಢಿಯಾದ ಕೈ ಅದು. ನಾಲ್ಕು ಸುತ್ತು ಹಾಕಿದ್ದರೆ ಹೊಟ್ಟೆ ಮುಚ್ಚುತ್ತಿತ್ತು. ಅವಳು ಸುತ್ತುಗಳನ್ನು ಒತ್ತೊತ್ತಾಗಿ ಹಾಕಿದಳು. ಪ್ರತಿ ಟಾಕಿಯ ಮೇಲೂ ಬೆರಳು ಇಟ್ಟು ಒತ್ತಿ, ಮಗ್ಗುಲು ನೋಡಿ, ಮುಂದಿನದಕ್ಕೆ ಹೋದಳು. ಮಾಯವ್ವ ಬಾಗಿ ನೋಡುತ್ತಿದ್ದಳು. "ಮೂಲಿ ತಿರುಗಿಸೂಮುಂದ ದಾರ ಸಡಿಲ ಬಿಡತೀಯೇನ ತಂಗಿ?" ಎಂದು ಕೇಳಿದಳು. ಹೊಳೆವ್ವ ಕೈ ನಿಲ್ಲಿಸಿ, ಬಿಡಿಸಿ ಬಿಡಿಸಿ ಹೇಳಿದಳು. ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದಳು.

ಪಡಸಾಲೆಯ ಬಿಸಿಲು ಕಂಬ ದಾಟಿ ಗೋಡೆಗೆ ಹೋಯಿತು. ಹೊರಗೆ ಗಂಡಸರ ಮಾತು ಮುಗಿದು ಹಸಿವಿನ ಆಕಳಿಕೆ ಕೇಳಿಸತೊಡಗಿತು. ಶಿವನಪ್ಪ ಒಮ್ಮೆ ಇಣುಕಿ, ಹೆಂಡತಿ ನಡುವೆ ಕೂತಿರುವುದನ್ನೂ ಊರ ಹೆಂಗಸರೆಲ್ಲ ಸುತ್ತ ಕಾಯುತ್ತಿರುವುದನ್ನೂ ನೋಡಿ, ಏನೂ ಕೇಳದೆ ಹಿಂದಕ್ಕೆ ಸರಿದ. ಅಡಿಗೆಮನೆಯಿಂದ ಹೂರಣ ತಳ ಹತ್ತಿದ ವಾಸನೆ ಬಂತು, ಹೊಗೆ ಬಂತು, ಹೊಗೆಯಲ್ಲಿ ತಿಪ್ಪವ್ವ ಕೆಮ್ಮುವ ಸದ್ದು ಬಂತು.

"ಚಿಗವ್ವಾ, ಲಗೂ ಮುಗಸ," ಎಂದಳು ನೀಲವ್ವ, ಬೇರೆ ಕಡೆ ನೋಡುತ್ತ. "ಕೂಸಿಗೆ ನಿದ್ದಿ ಬಂದೈತಿ."

"ಆತವ್ವ, ಆತು. ಇನ್ನ ಒಂದ ಸುತ್ತು."

ಕೆಮ್ಮು ಮತ್ತೆ ಕೇಳಿಸಿತು. ಹೊಳೆವ್ವ ಸುತ್ತಿನ ಕೊನೆಗೆ ಬಂದು, ದಾರ ಎಳೆದು, ಅಂಗೈಯಿಂದ ಸವರಿ ನೋಡಿದಳು. ಒಂದು ಟಾಕಿಯೂ ಹೆಚ್ಚುಕಡಿಮೆಯಾಗಿರಲಿಲ್ಲ. ಆದರೂ ಆ ಸುತ್ತನ್ನು ಪೂರ್ತಿ ಬಿಚ್ಚಿ, ಮೊದಲಿನಿಂದ ಹಾಕತೊಡಗಿದಳು.